ಎಸ್‌ಕ್ಯೂಲೈಟ್ ಡೇಟಾಬೇಸ್ ಇರುವುದು ಒಂದೇ ಫೈಲಿನಲ್ಲಿ; ಬ್ಯಾಕಪ್‌ಗೆ ಅದನ್ನು ಕಾಪಿ ಮಾಡಿಟ್ಟರೆ ಸಾಲದೇ?

ಆ ಹೊತ್ತಿನಲ್ಲಿ ಯಾವ ಪ್ರೋಗ್ರಾಮೂ ಡೇಟಾಬೇಸನ್ನು ಬಳಸುತ್ತಿಲ್ಲವೆಂಬುದು ಖಚಿತವಿದ್ದರೆ ಸಾಕು. ಆದರೆ ಬರವಣಿಗೆ ನಡೆಯುತ್ತಿರುವಾಗ ಫೈಲು ನಕಲಿಸುವ ‘ಸಿಪಿ’ ಕಮಾಂಡಿನಿಂದ ನಕಲು ತೆಗೆದರೆ ಹಳೆಯ ಪುಟಗಳೂ (ಡೇಟಾಬೇಸ್ ಫೈಲಿನ ತುಣುಕುಗಳು) ಹೊಸ ಪುಟಗಳೂ ಬೆರೆತು ಕೆಟ್ಟ ಫೈಲು ಕೈಗೆ ಬರಬಹುದು. ಬದಲಾವಣೆಗಳನ್ನು ಮೊದಲು ಬೇರೊಂದು ಫೈಲಿಗೆ ಬರೆದಿಡುವ ವಾಲ್ ಮೋಡ್‌ನಲ್ಲಂತೂ ಇತ್ತೀಚೆಗೆ ಕಮಿಟ್ ಆದ (ಅಂದರೆ ಖಾಯಂ ಆಗಿ ದಾಖಲಾದ) ದತ್ತಾಂಶ ಪಕ್ಕದ ‘-ವಾಲ್’ ಫೈಲಿನಲ್ಲೇ ಉಳಿದಿರಬಹುದಾದ್ದರಿಂದ, ಮುಖ್ಯ ಫೈಲನ್ನು ಮಾತ್ರ ಒಯ್ದವರಿಗೆ ಅದು ಸಿಗುವುದೇ ಇಲ್ಲ.

ಆದ್ದರಿಂದ ‘ಎಸ್‌ಕ್ಯೂಲೈಟ್3’ ಕಮಾಂಡಿಗೆ ಡೇಟಾಬೇಸಿನ ಹೆಸರು ಕೊಟ್ಟು, ಅದರ ನಂತರ ಉದ್ಧರಣ ಚಿಹ್ನೆಗಳೊಳಗೆ ‘ಡಾಟ್ ಬ್ಯಾಕಪ್’ ಆದೇಶವನ್ನೂ ಹೊಸ ಫೈಲಿನ ಹೆಸರನ್ನೂ ಬರೆಯುವುದು ಸರಿಯಾದ ಕ್ರಮ. ಬಳಕೆಯಲ್ಲಿರುವ ಡೇಟಾಬೇಸಿನಿಂದಲೂ ಇದು ಸುಸಂಗತವಾದ ಪ್ರತಿ ತೆಗೆಯುತ್ತದೆ. ನಡುವೆ ಬೇರೊಂದು ಪ್ರೋಗ್ರಾಂ ಏನಾದರೂ ಬರೆದರೆ ಮಾತ್ರ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ಬಿಡುವಿಲ್ಲದ ಡೇಟಾಬೇಸಿಗೆ ನಾನು ಡೇಟಾಬೇಸನ್ನು ಹೊಸ ಫೈಲಿಗೆ ಬರೆಯುವ ‘ವ್ಯಾಕ್ಯೂಮ್ ಇನ್‌ಟು’ವನ್ನೇ ಆರಿಸುತ್ತೇನೆ. 2019ರ 3.27ನೇ ಆವೃತ್ತಿಯಿಂದ ಲಭ್ಯವಿರುವ ಈ ಆದೇಶ, ಅಳಿಸಿದ ಸಾಲುಗಳು ಬಿಟ್ಟುಹೋದ ಖಾಲಿ ಜಾಗವನ್ನೂ ಕಳೆದು ಅಡಕವಾದ ಫೈಲು ಕೊಡುತ್ತದೆ. ಅದೇ ಹೆಸರಿನಲ್ಲಿ ಖಾಲಿಯಲ್ಲದ ಫೈಲು ಮೊದಲೇ ಇದ್ದರೆ ಅದು ಕೆಲಸ ಮಾಡಲು ನಿರಾಕರಿಸುತ್ತದೆ (ನನ್ನ ಮಟ್ಟಿಗೆ ಇದು ಉಪಕಾರವೇ), ಆದ್ದರಿಂದ ಹೆಸರಿಗೆ ದಿನಾಂಕ ಸೇರಿಸಿ.

ಕೊನೆಗೆ ಬ್ಯಾಕಪ್ ಫೈಲನ್ನೇ ತೆರೆದು, ಅದು ಕೆಟ್ಟಿಲ್ಲವೇ ಎಂದು ಪರೀಕ್ಷಿಸುವ ‘ಪ್ರಾಗ್ಮಾ ಇಂಟೆಗ್ರಿಟಿ_ಚೆಕ್’ ಆದೇಶವನ್ನು ಓಡಿಸಿದಾಗ ‘ಓಕೆ’ ಎಂಬ ಒಂದೇ ಪದ ಬರಬೇಕು.