ಮಾತ್ರೆಗಳನ್ನು ಕುಟ್ಟಿ ಪುಡಿ ಮಾಡಿ ಕೊಡಬಹುದಾ? ಹೊಟ್ಟೆಗೆ ಹೋದ ಮೇಲೆ ಎಲ್ಲಾ ಒಂದೇ ಅಲ್ವಾ?

ನಿಮ್ಮ ಅತ್ತೆಗೆ 74 ವರ್ಷ, ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಬೆಳಗಿನ ಮಾತ್ರೆಗಳನ್ನೆಲ್ಲ ಎಲೆ-ಅಡಿಕೆ ಕುಟ್ಟಾಣಿಯಲ್ಲಿ ಕುಟ್ಟಿ ಜೇನುತುಪ್ಪದಲ್ಲಿ ಕಲಸಿ ಕೊಡುತ್ತಿದ್ದೀನಿ ಎಂದು ಬರೆದಿದ್ದೀರಿ. ಬಿಪಿಗೆ ಅಮ್ಲೊಡಿಪಿನ್, ಎದೆಯುರಿಗೆ ಪ್ಯಾಂಟೊಪ್ರಜೋಲ್ 40, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್‌ಆರ್ 500 (ಎಸ್‌ಆರ್ ಅಂದರೆ ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ). ಎದೆನೋವು ಬಂದರೆ ಇರಲಿ ಅಂತ ಸಾರ್ಬಿಟ್ರೇಟ್.

ನಾನು ಫಾರ್ಮಸಿಸ್ಟ್. ದಿನಾ ಕೌಂಟರ್‌ನಲ್ಲಿ ನಿಮ್ಮಂಥವರನ್ನು ನೋಡುತ್ತೇನೆ. ಹಿರಿಯರಿಗೆ ಔಷಧ ತಪ್ಪಬಾರದು ಅಂತ ಪಾಡು ಪಡುವವರೇ ಹೀಗೆ ಕುಟ್ಟಿ ಕೊಡುವುದು. ಆದರೆ ಇವತ್ತಿನಿಂದಲೇ ಪ್ಯಾಂಟೊಪ್ರಜೋಲ್ ಮತ್ತು ಮೆಟ್‌ಫಾರ್ಮಿನ್ ಎಸ್‌ಆರ್ ಕುಟ್ಟುವುದನ್ನು ನಿಲ್ಲಿಸಿ. ಸಾದಾ ಅಮ್ಲೊಡಿಪಿನ್ ಪುಡಿ ಮಾಡಿದರೆ ತೊಂದರೆ ಇಲ್ಲ.

ಎಸ್‌ಆರ್ ಏನು ಅಂತ ಕಣ್ಣಾರೆ ನೋಡಬೇಕಾ? ಒಂದು ಲೋಟ ನೀರಿಗೆ ಸಾದಾ ಪ್ಯಾರಾಸಿಟಮಾಲ್ ಹಾಕಿ, ಇನ್ನೊಂದಕ್ಕೆ ಮೆಟ್‌ಫಾರ್ಮಿನ್ ಎಸ್‌ಆರ್ ಹಾಕಿ. ಮೊದಲನೆಯದು ಸ್ವಲ್ಪ ಹೊತ್ತಿಗೆ ಒಡೆದು ತಳದಲ್ಲಿ ಕೂರುತ್ತದೆ. ಎರಡನೆಯದು ಒಡೆಯುವುದೇ ಇಲ್ಲ. ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ ಸುತ್ತ ಲೋಳೆ ಕಟ್ಟಿಕೊಂಡು ಊದುತ್ತದೆ. ಮುಟ್ಟಿದರೆ ಜಾರುತ್ತದೆ. ಆ ಲೋಳೆಯೊಳಗಿಂದ ಔಷಧ ಗಂಟೆಗಟ್ಟಲೆ ನಿಧಾನವಾಗಿ ಜಿನುಗಬೇಕು. ಕುಟ್ಟಿದರೆ ಅಷ್ಟೂ ಒಮ್ಮೆಗೇ ಕರುಳಿಗೆ ಸುರಿಯುತ್ತದೆ. ನಿಮ್ಮ ಅತ್ತೆಗೆ ವಾಕರಿಕೆ, ಭೇದಿ ಶುರುವಾಗಿದೆ ಅಂದಿರಲ್ಲ, ಅದಕ್ಕೆ ಇದೇ ಕಾರಣ ಇರಬಹುದು. (ಕೆಲವರಿಗೆ ಮಲದಲ್ಲಿ ಇಡೀ ಮಾತ್ರೆಯಂಥದ್ದು ಕಾಣುತ್ತದೆ. ಅದು ಖಾಲಿ ಗೂಡು. ಔಷಧ ಆಗಲೇ ಮೈಗೆ ಸೇರಿರುತ್ತದೆ, ಗಾಬರಿ ಬೇಡ.)

ಮೆಟ್‌ಫಾರ್ಮಿನ್‌ನಲ್ಲಿ ಹೊಟ್ಟೆ ಕೆಡುತ್ತದೆ. ಬಿಪಿಯ ನಿಫೆಡಿಪಿನ್ ರಿಟಾರ್ಡ್ ಕುಟ್ಟಿದರೆ ಅಪಾಯ ಇನ್ನೂ ದೊಡ್ಡದು. ನನ್ನ ಸೋದರತ್ತೆಗೆ ಹಾಗೆ ಕೊಟ್ಟಿದ್ದರು. ಸ್ವಲ್ಪ ಹೊತ್ತಿಗೆ ಕುರ್ಚಿಯಿಂದ ಎದ್ದವರು ಕಣ್ಣು ಕತ್ತಲೆ ಬಂದು ಬಾಗಿಲ ಹತ್ತಿರವೇ ಕುಸಿದರು. ಬಿಪಿ ಒಮ್ಮೆಲೇ ಇಳಿದಿತ್ತು. ಮನೆಯಲ್ಲಿ ಯಾರಿಗೂ ಕುಟ್ಟಾಣಿಯ ಮೇಲೆ ಅನುಮಾನ ಬರಲಿಲ್ಲ.

ಪ್ಯಾಂಟೊಪ್ರಜೋಲ್ ಕಥೆ ಬೇರೆ. ಅದು ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಔಷಧ, ಆದರೆ ಅದೇ ಆಮ್ಲ ತಾಗಿದರೆ ತಾನೇ ಹಾಳಾಗುತ್ತದೆ. ಅದಕ್ಕೇ ಮೇಲೆ ಒಂದು ಲೇಪ. ಆ ಲೇಪ ಹೊಟ್ಟೆಯಲ್ಲಿ ಕರಗುವುದಿಲ್ಲ, ಮುಂದೆ ಸಣ್ಣ ಕರುಳಿಗೆ ಹೋಗಿ ಕರಗುತ್ತದೆ. ಔಷಧ ಅಲ್ಲಿಂದ ರಕ್ತಕ್ಕೆ ಸೇರಿ, ರಕ್ತದ ಮೂಲಕವೇ ಹೊಟ್ಟೆಯ ಜೀವಕೋಶಗಳನ್ನು ತಲುಪುತ್ತದೆ. ಕುಟ್ಟಿದರೆ ಲೇಪ ಹೋಯಿತು. ಎದೆಯುರಿ ಹಾಗೇ ಉಳಿಯುತ್ತದೆ.

ಸಾರ್ಬಿಟ್ರೇಟ್ ಬಗ್ಗೆ ತುಂಬಾ ಜನ ತಪ್ಪು ಮಾಡುತ್ತಾರೆ. ನುಂಗಿದ ಮಾತ್ರೆ ಕರುಳಿನಿಂದ ಮೊದಲು ಲಿವರ್‌ಗೆ ಹೋಗುತ್ತದೆ. ಲಿವರ್ ಈ ಔಷಧದ ದೊಡ್ಡ ಪಾಲನ್ನು ಅಲ್ಲೇ ಒಡೆದುಹಾಕುತ್ತದೆ. ನಾಲಿಗೆ ಕೆಳಗೆ ಇಟ್ಟರೆ ತೆಳುವಾದ ಚರ್ಮದಿಂದ ನೇರ ರಕ್ತಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ಕೆಲಸ ಶುರುಮಾಡುತ್ತದೆ. ಅದನ್ನು ಯಾವಾಗ, ಎಷ್ಟು ಕೊಡಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡಿರಿ. ಕೊಡುವಾಗ ಅತ್ತೆಯನ್ನು ಕೂರಿಸಿ, ನಿಲ್ಲಿಸಬೇಡಿ. ನೋವು ಕಡಿಮೆಯಾಗದಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ.

ದಾರಿ ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಆಸ್ತಮಾದ ಸಾಲ್ಬುಟಮಾಲ್ ಮಾತ್ರೆ 2 ಅಥವಾ 4 ಮಿಲಿಗ್ರಾಂ ಇರುತ್ತದೆ. ಇನ್‌ಹೇಲರ್‌ನ ಒಂದು ಪಫ್‌ನಲ್ಲಿ ಬರುವುದು 100 ಮೈಕ್ರೊಗ್ರಾಂ, ಅಂದರೆ 2 ಮಿಲಿಗ್ರಾಂನ ಇಪ್ಪತ್ತರಲ್ಲಿ ಒಂದು ಪಾಲು. ಶ್ವಾಸಕೋಶಕ್ಕೇ ತಲುಪುವುದರಿಂದ ಅಷ್ಟು ಸಾಕು, ಕೈ ನಡುಕವೂ ಕಡಿಮೆ. ಇನ್‌ಹೇಲರ್ ಅಂದರೆ ಕಾಯಿಲೆ ಜೋರಾಗಿದೆ ಅಂತ ಹೆದರುವವರಿಗೆ ನಾನು ಇದೇ ಲೆಕ್ಕ ಹೇಳುತ್ತೇನೆ.

ಈಗ ನೀವು ಮಾಡಬೇಕಾದದ್ದು. ಸ್ಟ್ರಿಪ್ ಹಿಂದೆ ಎಸ್‌ಆರ್, ಇಆರ್, ಎಕ್ಸ್‌ಎಲ್, ರಿಟಾರ್ಡ್, ಪ್ರೊಲಾಂಗ್ಡ್ ರಿಲೀಸ್, ಗ್ಯಾಸ್ಟ್ರೋ-ರೆಸಿಸ್ಟೆಂಟ್ ಅಂತ ಇದ್ದರೆ ಕುಟ್ಟಬೇಡಿ, ಅಗಿಯಲೂ ಬಿಡಬೇಡಿ. ಸ್ಟ್ರಿಪ್‌ಗಳನ್ನೇ ಡಾಕ್ಟರ್ ಹತ್ತಿರ ಒಯ್ದು, ನುಂಗಲು ಆಗುತ್ತಿಲ್ಲ ಅಂತ ಹೇಳಿ. ಮೆಟ್‌ಫಾರ್ಮಿನ್ ಸಾದಾ ಮಾತ್ರೆಯಾಗಿಯೂ ಸಿಗುತ್ತದೆ, ಆದರೆ ದಿನಕ್ಕೆ ಎಷ್ಟು ಸಲ ಅನ್ನುವುದು ಬದಲಾಗಬಹುದು. ನೀವೇ ಬದಲಾಯಿಸಬೇಡಿ. ಜೇನುತುಪ್ಪವೂ ಬೇಡ, ಅವರಿಗೆ ಸಕ್ಕರೆ ಕಾಯಿಲೆ ಇದೆ. ನುಂಗಲು ಕಷ್ಟ ಇತ್ತೀಚೆಗೆ ಶುರುವಾಗಿದ್ದರೆ ಅಥವಾ ಅನ್ನ, ನೀರಿಗೂ ಕೆಮ್ಮು ಬರುತ್ತಿದ್ದರೆ ಅದನ್ನೇ ಮೊದಲು ತೋರಿಸಿ.