ಹುಡುಕದ ವಿಡಿಯೊ ಮಗುವಿನ ಮುಂದೆ ಬಂದಿದ್ದು ಹೇಗೆ?

ಪ್ರಶ್ನೆ: ಮಗಳಿಗೆ ಐದು ವರ್ಷ. ನನ್ನ ಫೋನಿನಲ್ಲೇ ಯೂಟ್ಯೂಬ್ ಕಾರ್ಟೂನ್ ನೋಡುತ್ತಾಳೆ. ಮೊನ್ನೆ ಅವಳ ಇಷ್ಟದ ಕಾರ್ಟೂನ್ ಪಾತ್ರವನ್ನು ಕಟ್ಟಿಹಾಕಿ ಸೂಜಿ ಚುಚ್ಚುವ ವಿಡಿಯೊ ನೋಡುತ್ತಾ ಕೂತಿದ್ದಳು. ನಾವ್ಯಾರೂ ಅದನ್ನು ಹುಡುಕಿರಲಿಲ್ಲ. ಈಗ ಒಬ್ಬಳೇ ಮಲಗಲು ಹೆದರುತ್ತಾಳೆ. ಮಕ್ಕಳ ಆ್ಯಪ್ ಹಾಕಿಕೊಟ್ಟರೆ ಸಾಕಾ?

ಉತ್ತರ: ಮೊದಲು ಮಗಳ ವಿಷಯ. ದಯವಿಟ್ಟು ಬೈಯಬೇಡಿ. ಬೈದರೆ ಮುಂದಿನ ಸಲ ಇಂಥದ್ದು ಕಂಡಾಗ ನಿಮ್ಮ ಹತ್ತಿರ ಹೇಳುವುದೇ ಇಲ್ಲ. ಏನು ನೋಡಿದೆ, ಯಾವುದಕ್ಕೆ ಭಯವಾಯ್ತು ಅಂತ ಕೇಳಿ. ಹೇಳುವಷ್ಟು ಹೇಳಲಿ, ಕೆದಕಬೇಡಿ. ಅದು ಯಾರೋ ಮಾಡಿದ ಚಿತ್ರ, ನಿಜವಾಗಿ ಯಾರಿಗೂ ನೋವಾಗಿಲ್ಲ ಅಂತ ತಿಳಿಸಿ. ಕೆಲವು ದಿನ ಜೊತೆಯಲ್ಲೇ ಮಲಗಿಸಿಕೊಳ್ಳಿ. ವಾರಗಳು ಕಳೆದರೂ ಭಯ ಇಳಿಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಇನ್ನು, ಅದು ಬಂದಿದ್ದು ಹೇಗೆ? ಮುಂದೆ ಯಾವ ವಿಡಿಯೊ ತೋರಿಸಬೇಕು ಅಂತ ಯೂಟ್ಯೂಬ್‌ನ ಯಂತ್ರವೇ ಲೆಕ್ಕ ಹಾಕಿ ಶಿಫಾರಸು ಮಾಡುತ್ತದೆ. 2012ರಲ್ಲಿ ಯೂಟ್ಯೂಬ್ ಈ ಲೆಕ್ಕವನ್ನು ಬದಲಿಸಿತು. ಎಷ್ಟು ಜನ ಕ್ಲಿಕ್ ಮಾಡಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದು ಮುಖ್ಯವಾಯಿತು. ಜನ ಅಲ್ಲಿ ಕಳೆಯುವ ಹೊತ್ತಿನಲ್ಲಿ ಶೇ 70ಕ್ಕೂ ಜಾಸ್ತಿ ಶಿಫಾರಸಿನಿಂದಲೇ ಬರುತ್ತದೆ ಅಂತ 2018ರಲ್ಲಿ ಕಂಪನಿಯೇ ಹೇಳಿತ್ತು. ಆಮೇಲೆ ಲೈಕ್, ಸರ್ವೆ ಎಲ್ಲವೂ ಲೆಕ್ಕಕ್ಕೆ ಸೇರಿದವು. ಆದರೆ ಐದು ವರ್ಷದ ಮಗು ಸರ್ವೆಗೆ ಉತ್ತರ ಕೊಡುತ್ತಾ? 'ಇದು ಬೇಡ' ಅಂತ ಒತ್ತುತ್ತಾ? ಹೆದರಿದ ಮಗು ಎಷ್ಟೋ ಸಲ ಕಣ್ಣು ಕೀಳದೆ ನೋಡುತ್ತಾ ಕೂರುತ್ತದೆ. ಯಂತ್ರದ ಲೆಕ್ಕದಲ್ಲಿ ಅದೂ 'ನೋಡಿದ ಹೊತ್ತು'. ನನಗೆ ತುಂಬಾ ಸಂಕಟವಾಗುವುದು ಇಲ್ಲೇ. ಮಗುವಿನ ಭಯವೂ ಆಸಕ್ತಿ ಅಂತ ದಾಖಲಾಗುತ್ತದೆ.

ಇದನ್ನು ಬಳಸಿಕೊಳ್ಳುವವರೂ ಇದ್ದಾರೆ. ಮಕ್ಕಳಿಗೆ ಗೊತ್ತಿರುವ ಪಾತ್ರಗಳನ್ನು ಕದ್ದು, ಮಕ್ಕಳು ಹುಡುಕುವ ಪದಗಳನ್ನೆಲ್ಲ ಶೀರ್ಷಿಕೆಗೆ ತುರುಕಿ, ಹಿಂಸೆಯ ವಿಡಿಯೊಗಳನ್ನು ರಾಶಿ ರಾಶಿ ಹಾಕುತ್ತಾರೆ. 2017ರಲ್ಲಿ 'ಎಲ್ಸಾಗೇಟ್' ಅನ್ನುವ ಹೆಸರಲ್ಲಿ ಇದು ದೊಡ್ಡ ಗಲಾಟೆಯಾಯಿತು. ಆ ನವೆಂಬರ್‌ನಲ್ಲಿ ಯೂಟ್ಯೂಬ್ ಒಂದೇ ವಾರದಲ್ಲಿ 50ಕ್ಕೂ ಹೆಚ್ಚು ಚಾನೆಲ್‌ಗಳನ್ನು ಮುಚ್ಚಿತು. ಮಕ್ಕಳಿಗಾಗಿಯೇ 2015ರಲ್ಲಿ ಬಂದಿದ್ದ ಯೂಟ್ಯೂಬ್ ಕಿಡ್ಸ್ ಒಳಗೂ ಇಂಥ ವಿಡಿಯೊಗಳು ನುಸುಳಿದ್ದವು.

ಹಾಗಾಗಿ ಆ್ಯಪ್ ಹಾಕಿದರಷ್ಟೇ ಸಾಲದು. ಅದರಲ್ಲೂ ಜಾಸ್ತಿ ಸೋಸುವ ಕೆಲಸ ಮಾಡುವುದು ಯಂತ್ರವೇ. ಆದರೆ ಪೋಷಕರು ಒಪ್ಪಿದ್ದನ್ನು ಮಾತ್ರ ತೋರಿಸುವ ಆಯ್ಕೆ 2018ರಿಂದ ಅದರಲ್ಲಿದೆ. ಅದನ್ನೇ ಆರಿಸಿ. ಚಾನೆಲ್‌ಗಳನ್ನು, ವಿಡಿಯೊಗಳನ್ನು ನೀವೇ ಒಂದೊಂದಾಗಿ ಸೇರಿಸುತ್ತೀರಿ. ಹುಡುಕುವ ಜಾಗ ಮುಚ್ಚಿಹೋಗುತ್ತದೆ. ಒಂದು ಸಂಜೆಯ ಕೆಲಸ ಹಿಡಿಯುತ್ತದೆ, ನಿಜ. ಮಗು ಅದೇ ಹತ್ತು ವಿಡಿಯೊಗಳನ್ನು ಮತ್ತೆ ಮತ್ತೆ ನೋಡಬಹುದು. ನೋಡಲಿ ಬಿಡಿ, ಚಿಕ್ಕ ಮಕ್ಕಳಿಗೆ ನೋಡಿದ್ದನ್ನೇ ನೋಡುವುದು ಖುಷಿಯ ವಿಷಯ.

ನಿಮ್ಮ ಸ್ವಂತ ಖಾತೆಯಲ್ಲಿ ಇನ್ನು ಮುಂದೆ ತೋರಿಸಲೇಬೇಡಿ. ಅಲ್ಲಿ ಅವಳು ನೋಡಿದ್ದೂ ನೀವು ನೋಡಿದ್ದೂ ಬೆರೆತುಹೋಗುತ್ತವೆ. ಬೆರಳಿನಿಂದ ಸರಿಸುತ್ತಾ ಹೋಗುವ ಶಾರ್ಟ್ಸ್ ಅಂತೂ ಬೇಡವೇ ಬೇಡ. ಅಲ್ಲಿ ಮುಂದೇನು ಬರುತ್ತದೆ ಅಂತ ನಿಮಗೂ ತಿಳಿಯದು.

ಸೂಜಿಯ ವಿಡಿಯೊ ಇನ್ನೂ ನಿಮ್ಮ ಹಿಸ್ಟರಿಯಲ್ಲಿ ಇರುತ್ತದೆ. ಇವತ್ತೇ ಹುಡುಕಿ ರಿಪೋರ್ಟ್ ಮಾಡಿ, ಆ ಚಾನೆಲ್ ಶಿಫಾರಸು ಬೇಡ ಅಂತ ಒತ್ತಿ. ಆಮೇಲೆ ಹಿಸ್ಟರಿ ಪೂರ್ತಿ ಅಳಿಸಿ, ಒಂದು ಮುಗಿದ ಮೇಲೆ ಇನ್ನೊಂದು ವಿಡಿಯೊ ತಾನಾಗಿ ಶುರುವಾಗುವ ಆಟೊಪ್ಲೇ ಆಫ್ ಮಾಡಿ. ರಿಪೋರ್ಟ್ ಮಾಡುವ ಮೊದಲೇ ಅಳಿಸಿಬಿಟ್ಟರೆ ಆ ವಿಡಿಯೊ ಮತ್ತೆ ಸಿಗುವುದು ಕಷ್ಟ.