ಮದ್ದುಗುಂಡಿನ ಡಿಪೋದಲ್ಲಿ ಪುಟ್ಟ ಡೀಸೆಲ್ ಎಂಜಿನ್ ಯಾಕೆ?

ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಉಗಿ ಎಂಜಿನ್ ನೋಡಿ ಬಂದವರ ಪ್ರಶ್ನೆ: ಬ್ರಿಟನ್ನಿನ ಸೇನೆಯ ಮದ್ದುಗುಂಡಿನ ಡಿಪೋಗಳಲ್ಲಿ ಇದರ ಬದಲು ನ್ಯಾರೋಗೇಜ್ (ಕಿರಿದಾದ ಹಳಿಯ) ಡೀಸೆಲ್ ಎಂಜಿನ್ ಓಡಿಸುತ್ತಿದ್ದದ್ದು ಯಾಕೆ?

ಮುಖ್ಯ ಕಾರಣ ಕಿಡಿ. ಮಂಡ್ಯ ಕಡೆ ರಾತ್ರಿ ಆಲೆಮನೆ ಚಿಮಣಿ ನೋಡಿದ್ದೀರಲ್ವಾ? ಉಗಿ ಎಂಜಿನ್ನೂ ಹಾಗೇ ಕಿಡಿ ಉಗುಳುತ್ತದೆ. ಮದ್ದಿನ ಪಕ್ಕ ಅದು ಆಗದ ಮಾತು. ಡೀಸೆಲ್ ಎಂಜಿನ್ನಿನಲ್ಲಿ ತೆರೆದ ಬೆಂಕಿ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿದರೆ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಆದರೂ ಹೊಗೆಯ ಜೊತೆ ಬಿಸಿ ಮಸಿಯ ಚೂರು ಹೊರಬೀಳಬಹುದು. ಹಾಗಾಗಿ ಇಂಥ ಎಂಜಿನ್ನುಗಳಲ್ಲಿ ಹೊಗೆಯನ್ನು ನೀರಿನ ತೊಟ್ಟಿಯ ಮೂಲಕ ಹಾಯಿಸಿ, ತಣ್ಣಗಾಗಿಸಿ ಬಿಡುತ್ತಿದ್ದರು. ನನಗೆ ತುಂಬಾ ಹಿಡಿಸಿದ ಉಪಾಯ ಇದು.

ಇನ್ನು ಹಳಿ ಕಿರಿದು ಯಾಕೆಂದರೆ, ಒಂದು ಉಗ್ರಾಣ ಸಿಡಿದರೆ ಇನ್ನೊಂದಕ್ಕೆ ತಗಲಬಾರದು ಅಂತ ಅವನ್ನು ದೂರ ದೂರ ಕಟ್ಟುತ್ತಾರೆ. ಹಾಗಾಗಿ ಉದ್ದುದ್ದ ಹಳಿ ಬೇಕು, ಕಿರಿದಾದ ಹಳಿಯಾದರೆ ಹಾಕುವುದು ಸುಲಭ. ವೇಲ್ಸ್‌ನ ಟ್ರೆಕೂನ್ ಡಿಪೋದಲ್ಲಂತೂ ಗುಡ್ಡ ಕೊರೆದು ಉಗ್ರಾಣ ಮಾಡಿದ್ದರು. ಅಲ್ಲಿನ ಹಳಿಯ ಅಗಲ 762 ಮಿಲಿಮೀಟರ್, ನಮ್ಮ ಹಳೇ ಮೀಟರ್‌ಗೇಜ್‌ಗಿಂತಲೂ ಕಮ್ಮಿ. ಕಿರಿದಾದ ಹಳಿ ಬಿಗಿ ತಿರುವಿನಲ್ಲೂ ಸಲೀಸಾಗಿ ಹೊರಳಿ ಸುರಂಗದೊಳಕ್ಕೇ ಹೋಗುತ್ತದೆ.